ಮೂಕ ಚಿತ್ರಪಟದ ವಸಂತಸೇನೆ

ಮಲಪ್ರಭಾ ನದಿಯು ಎರಡು ಗುಡ್ಡಗಳ ನಡುವಿನ ಇಕ್ಕಟ್ಟನ್ನು ಕೊರೆದುಕೊಂಡು ಮುಂದೆ ಸಾಗುವ ಸ್ಥಳಕ್ಕೆ ನಮ್ಮ ಹಿರಿಯರು ನವಿಲುತೀರ್ಥವೆಂದು ಹೆಸರಿಟ್ಟರು. ಈಗ ಅಲ್ಲಿ ಆಣೆಕಟ್ಟು ನಿಂತಿದೆ; ನದಿಯ ನೀರು ರೇಣುಕಾಸಾಗರವಾಗಿದೆ. ಹೆಸರಿನಲ್ಲಿಯ ನವಿಲು ಮಾತ್ರ ಹಾಗೆಯೇ ಉಳಿದಿದೆ. ಮುಗಿಲನ್ನು ಕಂಡು ಗರಿ ಬಿಚ್ಚಿ ಕುಣಿದ ಹಕ್ಕಿಗೆ ಅದರ ಕುಲವನ್ನಾಗಲಿ ನಡತೆಯನ್ನಾಗಲಿ ಯಾರೂ ಕೇಳಲಿಲ್ಲ. ಅದು ಕುಣಿದ ನೆಲವನ್ನೇ ತೀರ್ಥವೆಂದು ಕರೆದರು. ಅಲ್ಲಿಗೆ ಸಮೀಪದಲ್ಲಿಯೇ ಸವದತ್ತಿಯ ಎಲ್ಲಮ್ಮನ ಗುಡ್ಡವಿರುವದು. ಹೊಸ್ತಿಲ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಆ ಗುಡ್ಡದ ಮೇಲೆ ಚೌಡಿಕೆಯ ನಾದಕ್ಕೆ ಜೋಗತಿಯರು ಕುಣಿದದ್ದನ್ನು ನಮ್ಮಲ್ಲಿ ನೋಡದವರು ವಿರಳ. ಆದರೆ ಮುತ್ತು ಕಟ್ಟಿಸಿಕೊಂಡ ಆ ಹೆಣ್ಣುಮಕ್ಕಳಿಗೆ ನವಿಲಿಗೆ ದೊರೆತ ಗೌರವವು ದೊರೆಯಲಿಲ್ಲ. ಕುಣಿತ ಬೇಕು, ಕುಣಿದವಳು ಬೇಡ. ಇದು ನಮ್ಮ ಸಮಾಜದ ಹಳೆಯ ನಡವಳಿಕೆ. ಈ ನಡವಳಿಕೆಯು ಚಿತ್ರಪಟವೆಂಬ ಹೊಸ ಕಲೆಯಲ್ಲಿ ಯಾವ ರೂಪವನ್ನು ತಾಳಿತೆಂಬದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿದ್ದೇನೆ.

ಚಿತ್ರಪಟದ ವಿಷಯಕ್ಕೆ ಬರುವ ಮೊದಲು ಒಂದು ಶಬ್ದದ ಚರಿತ್ರೆಯನ್ನು ಹೇಳುವದು ಅವಶ್ಯವಾಗಿದೆ. ‘ಪಾತ್ರ’ವೆಂದರೆ ಭಾಂಡ, ಪಾತ್ರವೆಂದರೆ ದಾನಕ್ಕೆ ಯೋಗ್ಯನಾದವನು, ಪಾತ್ರವೆಂದರೆ ನಾಟಕದಲ್ಲಿಯ ವೇಷ. ಇವಲ್ಲದೆ ನೃತ್ಯಶಾಸ್ತ್ರದಲ್ಲಿ ಇದಕ್ಕೆ ಇನ್ನೊಂದು ಅರ್ಥವುಂಟು. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಪಾತ್ರದ ಲಕ್ಷಣಗಳನ್ನು ಹೇಳುವ ಭಾಗವಿದೆ. ಅಲ್ಲಿ ಪಾತ್ರವೆಂದರೆ ನರ್ತಕಿಯೇ. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿಯೂ ಇದೇ ಪ್ರಯೋಗವಿರುವದು. ರಸವನ್ನು ತನ್ನಲ್ಲಿ ತುಂಬಿಕೊಂಡು ಸಹೃದಯರಿಗೆ ಬಡಿಸುವವಳು ಆಕೆ. ಆದದ್ದರಿಂದ ಈ ಹೆಸರು ಆಕೆಗೆ ಸರ್ವಥಾ ಒಪ್ಪುವದು. ಶಾಸ್ತ್ರದಲ್ಲಿ ಇಷ್ಟು ಎತ್ತರದಲ್ಲಿದ್ದ ಶಬ್ದವು ನಮ್ಮ ಸೀಮೆಯ ಆಡುಮಾತಿಗೆ ಇಳಿದು ‘ಪಾತರದವಳು’ ಎಂದಾಯಿತು. ಹಾಗಾಗುತ್ತಲೇ ಬೈಗಳೂ ಆಯಿತು. ಒಂದು ಶಬ್ದದ ಈ ಪತನದಲ್ಲಿ ಒಂದು ವರ್ಗದ ಸ್ತ್ರೀಯರ ಪತನದ ಕಥೆಯೆಲ್ಲವೂ ಅಡಗಿದೆ.

ಇನ್ನು ಚಿತ್ರಪಟದ ಮಾತು. ಇ. ಸ. 1913ನೆಯ ಮೇ 3ರಂದು ಮುಂಬಯಿಯ ಕಾರೋನೇಶನ್ ಚಿತ್ರಗೃಹದಲ್ಲಿ ದಾದಾಸಾಹೇಬ ಫಾಳಕೆಯವರ ‘ರಾಜಾ ಹರಿಶ್ಚಂದ್ರ’ವು ಸಾರ್ವಜನಿಕರ ಮುಂದೆ ಬಂದಿತು. ಅದರಲ್ಲಿಯ ತಾರಾಮತಿಯ ಪಾತ್ರಕ್ಕಾಗಿ ಫಾಳಕೆಯವರು ಪಟ್ಟ ಪಾಡು ಪ್ರಸಿದ್ಧವಾಗಿದೆ. ಕುಲಸ್ತ್ರೀಯರಂತೂ ಒಪ್ಪುವ ಮಾತೇ ಇರಲಿಲ್ಲ. ಕಡೆಗೆ ಅವರು ವೇಶ್ಯಾವಾಟಿಕೆಗೆ ಹೋಗಿ ಕೇಳಿದರು. ಅಲ್ಲಿಯ ಹೆಂಗಸರೂ ಒಲ್ಲೆವೆಂದರು. ಉಪಾಹಾರಗೃಹವೊಂದರಲ್ಲಿ ಅಡಿಗೆಯ ಕೆಲಸ ಮಾಡಿಕೊಂಡಿದ್ದ ಸಾಳುಂಕೆಯೆಂಬ ತರುಣನು ತಾರಾಮತಿಯಾದನು. ಇದೇ ಸಾಳುಂಕೆಯು 1917ರ ‘ಲಂಕಾದಹನ’ದಲ್ಲಿ ರಾಮನೂ ತಾನೇ ಸೀತೆಯೂ ತಾನೇ ಆದನು. ಲೋಕದಿಂದ ತಿರಸ್ಕೃತರಾದ ಸ್ತ್ರೀಯರು ಕೂಡ ಚಿತ್ರಪಟವನ್ನು ತಮಗಿಂತ ಕೀಳೆಂದು ಎಣಿಸಿದರೆಂಬ ಈ ಸಂಗತಿಯನ್ನು ಓದಿ ನಗುವವರುಂಟು. ಆದರೆ ವಿಚಾರ ಮಾಡಿ ನೋಡಿದರೆ ಇದರಲ್ಲಿ ನಗುವಂಥದೇನೂ ಇಲ್ಲ. ಇದ್ದ ಅಲ್ಪ ಮಾನವನ್ನು ಕಾದುಕೊಳ್ಳಬೇಕೆಂಬ ಹಂಬಲವು ಮಾನವಿಲ್ಲವೆಂದು ಲೋಕವು ಬಗೆದವರಲ್ಲಿಯೇ ಹೆಚ್ಚಾಗಿರುತ್ತದೆ.

ಅದೇ ವರ್ಷ ಫಾಳಕೆಯವರು ‘ಮೋಹಿನೀ ಭಸ್ಮಾಸುರ’ವನ್ನು ತೆಗೆದರು. ಸಂಚಾರಿ ನಾಟಕ ಮಂಡಳಿಯ ನಟಿಯರಾದ ದುರ್ಗಾಬಾಯಿ ಕಾಮತ ಎಂಬವರು ಅದರಲ್ಲಿ ಪಾರ್ವತಿಯಾದರು; ಅವರ ಮಗಳಾದ ಕಮಲಾಬಾಯಿಯು ಮೋಹಿನಿಯಾದಳು. ಭಾರತೀಯ ಚಿತ್ರಪಟದಲ್ಲಿ ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಿದ್ದು ಅದೇ ಮೊದಲು. ಪತಿಯಿಂದ ದೂರವಾಗಿ, ಮಗಳನ್ನು ಕಟ್ಟಿಕೊಂಡು ಹೊಟ್ಟೆಹೊರೆಯಲಿಕ್ಕೆ ರಂಗಭೂಮಿಯನ್ನು ಸೇರಿದ ತಾಯಿ ದುರ್ಗಾಬಾಯಿ. ಮಗಳಿಗೆ ಆಗ ಸುಮಾರು ಹದಿಮೂರು ವರ್ಷ. ಈ ಕಥೆಯಲ್ಲಿ ಮೋಹಿನಿಯು ಮಾಡತಕ್ಕ ಕಾರ್ಯವಾದರೂ ಏನು? ನರ್ತನ. ಆಕೆ ಕುಣಿಯುತ್ತಾಳೆ, ಭಸ್ಮಾಸುರನು ಅನುಕರಿಸುತ್ತಾನೆ. ಆಕೆ ತನ್ನ ತಲೆಯ ಮೇಲೆ ಕೈಯಿಡುತ್ತಲೇ ಅವನೂ ಇಟ್ಟುಕೊಂಡು ಬೂದಿಯಾಗುತ್ತಾನೆ. ಅಂದಮೇಲೆ ನಮ್ಮ ಚಿತ್ರಪಟದಲ್ಲಿ ಕಾಲಿಟ್ಟ ಮೊದಲನೆಯ ನಾಯಿಕೆಯು ನರ್ತಕಿಯೇ ಎಂದ ಹಾಗಾಯಿತು. ಕಮಲಾಬಾಯಿಯವರು ಮುಂದೆ ಗೋಖಲೆಯವರ ಮನೆತನವನ್ನು ಸೇರಿ ದೀರ್ಘಕಾಲ ರಂಗಭೂಮಿಯ ಸೇವೆಯನ್ನು ಮಾಡಿದರು. ಪ್ರಸಿದ್ಧ ನಟರಾಗಿದ್ದ ವಿಕ್ರಮ ಗೋಖಲೆಯವರು ಅವರ ಮೊಮ್ಮಗ. ಕುಲಕ್ಕೆ ಕಳಂಕವೆಂದು ಜನರು ಆಡಿಕೊಂಡ ಹೆಣ್ಣುಮಗಳಿಂದಲೇ ನಟರ ಒಂದು ಕುಲವು ಬೆಳೆಯಿತು.

1919ರ ‘ಕಾಲಿಯಾಮರ್ದನ’ದಲ್ಲಿ ಫಾಳಕೆಯವರು ತಮ್ಮ ಸ್ವಂತ ಮಗಳಾದ ಮಂದಾಕಿನಿಯನ್ನೇ ಬಾಲಕೃಷ್ಣನನ್ನಾಗಿ ಮಾಡಿ ಸರ್ಪದ ಹೆಡೆಯ ಮೇಲೆ ಕುಣಿಸಿದರು. ಪರರ ಮನೆಯ ಹೆಣ್ಣುಮಕ್ಕಳನ್ನು ಕೇಳಿದ ಬಾಯಿಂದಲೇ ತನ್ನ ಮನೆಯ ಮಗಳನ್ನೂ ಕರೆದ ಆ ಬ್ರಾಹ್ಮಣನ ನ್ಯಾಯನಿಷ್ಠೆಯನ್ನು ಮೆಚ್ಚಲೇಬೇಕು. ಕಲಕತ್ತೆಯಲ್ಲಿ ಮದನ ಕಂಪನಿಯವರ ಚಿತ್ರಗಳಲ್ಲಿ ಹೆಸರಾದ ಪೇಶನ್ಸ್ ಕೂಪರಳು ಮೊದಲು ಐರೋಪ್ಯ ಶೈಲಿಯ ಗೀತನಾಟಕದ ಮೇಳವೊಂದರಲ್ಲಿ ನರ್ತಕಿಯಾಗಿದ್ದವಳು. ಸುಲೋಚನಾ ಎಂಬ ಹೆಸರಿನಿಂದ ಮೆರೆದ ರೂಬಿ ಮೈಯರ್ಸ್, ಸೀತಾದೇವಿಯೆಂದು ಹೆಸರಿಟ್ಟುಕೊಂಡ ರೆನೀ ಸ್ಮಿಥ್, ಇವರೂ ಹಿಂದೂ ಮನೆತನಗಳಿಂದ ಬಂದವರಲ್ಲ. ನಮ್ಮ ಸತಿಯರ ಕಥೆಗಳನ್ನು ನೋಡಿ ಕಣ್ಣೀರಿಡುತ್ತಿದ್ದ ಪ್ರೇಕ್ಷಕರು ಆ ಸತಿಯರ ವೇಷವನ್ನು ತೊಡುವ ಹೊರೆಯನ್ನು ಹೊರಗಿನವರ ಮೇಲೆ ಹಾಕಿ ನಿಶ್ಚಿಂತರಾಗಿದ್ದರು. ಚಿತ್ರವು ಮೂಕವಾಗಿದ್ದದ್ದರಿಂದ ನಟಿಯ ಮಾತೃಭಾಷೆ ಯಾವದೆಂಬ ಪ್ರಶ್ನೆಯೂ ಏಳುತ್ತಿರಲಿಲ್ಲ.

ಮೂಕ ಚಿತ್ರದಲ್ಲಿ ಕುಣಿಯುವದು ಸುಲಭದ ಕೆಲಸವಾಗಿರಲಿಲ್ಲವೆಂಬದನ್ನೂ ಇಲ್ಲಿ ಹೇಳಬೇಕು. ಅಭಿನಯವು ನಾಲ್ಕು ಬಗೆಯದೆಂದು ಭರತಮುನಿಯ ಮತ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಇವುಗಳಲ್ಲಿ ವಾಚಿಕವು ಬುಡಸಹಿತ ಹೋಯಿತು. ಹಾಡಿಲ್ಲ, ತಾಳವಿಲ್ಲ, ಗೆಜ್ಜೆಯ ದನಿಯಿಲ್ಲ. ಚಿತ್ರ ತೆಗೆಯುವಾಗ ಯಾರಾದರೂ ಮದ್ದಲೆ ಬಾರಿಸಿದರೂ ಅದು ಪ್ರೇಕ್ಷಕನನ್ನು ಮುಟ್ಟುತ್ತಿರಲಿಲ್ಲ. ಚಿತ್ರಗೃಹದಲ್ಲಿ ಪರದೆಯ ಬಳಿ ಕುಳಿತ ಪೆಟ್ಟಿಗೆಯವನೂ ತಬಲಜಿಯೂ ತಮಗೆ ತೋಚಿದ್ದನ್ನು ಬಾರಿಸುತ್ತಿದ್ದರು. ಆಹಾರ್ಯವೂ ಅರ್ಧ ಹೋಯಿತು. ಆ ಕಾಲದ ಸಾಮಾನ್ಯ ಫಿಲ್ಮಿಗೆ ಕೆಂಪು ಬಣ್ಣವು ಗೋಚರಿಸದೆ ಇದ್ದದ್ದರಿಂದ ಕುಂಕುಮವೂ ಕೆಂಪು ಸೀರೆಯೂ ಕಪ್ಪಾಗಿ ಮೂಡುತ್ತಿದ್ದವು, ನೀಲಿಯು ಬೆಳ್ಳಗಾಗುತ್ತಿತ್ತು. ಯಂತ್ರವನ್ನು ಕೈಯಿಂದ ತಿರುವುತ್ತಿದ್ದರು. ಕ್ಷಣಕ್ಕೆ 16 ಇಲ್ಲವೆ 18 ಚಿತ್ರಗಳು ಮೂಡುತ್ತಿದ್ದವು. ವಾಕ್ಚಿತ್ರಗಳು ಬಂದ ಮೇಲೆ ಈ ವೇಗವು 24ಕ್ಕೆ ನಿಂತಿತು. ಹೀಗಾಗಿ ಹಳೆಯ ಚಿತ್ರವನ್ನು ಹೊಸ ಯಂತ್ರದಲ್ಲಿ ತೋರಿಸಿದರೆ ನರ್ತಕಿಯು ತಾನು ಕುಣಿದುದರ ಒಂದೂವರೆ ಪಟ್ಟು ವೇಗದಲ್ಲಿ ಕುಣಿದಂತೆ ಕಾಣುತ್ತಾಳೆ, ವಿಲಂಬಿತವೆಲ್ಲ ದ್ರುತವಾಗುತ್ತದೆ. ಮುಂದಿನವರು ಅದನ್ನು ನೋಡಿ ‘ಎಂಥ ಗೊಂಬೆಯಾಟ!’ ಎಂದು ನಕ್ಕರೆ ತಪ್ಪು ಆಕೆಯದಲ್ಲ. ಆಕೆಗೆ ಉಳಿದದ್ದು ಅಂಗಾಂಗಗಳ ಚಲನೆ, ಕಣ್ಣು, ಹುಬ್ಬು, ಮತ್ತು ಒಳಗಿನ ಸತ್ವ. ಇಷ್ಟನ್ನೇ ಬಂಡವಾಳ ಮಾಡಿಕೊಂಡು ಸಾವಿರಾರು ಮಂದಿಯನ್ನು ಅಳಿಸಿದ, ನಗಿಸಿದ ಆ ಸ್ತ್ರೀಯರ ಸಾಮರ್ಥ್ಯವು ಅಲ್ಪವೆನ್ನಲಾಗದು.

ಇಂಥ ಕಾಲದಲ್ಲಿ ಶೂದ್ರಕನ ‘ಮೃಚ್ಛಕಟಿಕ’ವು ಚಿತ್ರಪಟವಾಯಿತು. ಹತ್ತು ಅಂಕಗಳ ಈ ಪ್ರಕರಣದ ನಾಯಿಕೆ ವಸಂತಸೇನೆಯು ಉಜ್ಜಯಿನಿಯ ಗಣಿಕೆ, ಸಂಪತ್ತುಳ್ಳವಳು, ಕಲಾವಿದೆ. ನಾಯಕ ಚಾರುದತ್ತನು ದಾನ ಮಾಡಿ ಬಡವನಾದ ಬ್ರಾಹ್ಮಣ. ಮೊದಲನೆಯ ಅಂಕದಲ್ಲಿ ರಾಜನ ಮೈದುನನಾದ ಶಕಾರನು ಕತ್ತಲೆಯಲ್ಲಿ ಆಕೆಯನ್ನು ಬೆನ್ನಟ್ಟುತ್ತಾನೆ; ನೃತ್ಯದಲ್ಲಿ ಪಳಗಿದ ಪಾದಗಳು ಅಂದು ಭಯದಿಂದ ಓಡುತ್ತವೆ. ಆರನೆಯ ಅಂಕದಲ್ಲಿ ಚಾರುದತ್ತನ ಮಗುವು ಮಣ್ಣಿನ ಬಂಡಿ ಬೇಡ, ಬಂಗಾರದ್ದು ಬೇಕೆಂದು ಅಳುತ್ತದೆ. ‘ಈಕೆ ನಿನ್ನ ತಾಯಿ’ ಎಂದು ದಾಸಿಯು ಹೇಳಿದರೆ, ತಾಯಿಯಾಗಿದ್ದರೆ ಮೈಮೇಲೆ ಒಡವೆಗಳೇಕೆ ಇವೆಯೆಂದು ಬಡವರ ಮನೆಯ ಆ ಮಗುವು ಕೇಳುತ್ತದೆ. ವಸಂತಸೇನೆಯು ಕಣ್ಣೀರಿಡುತ್ತ ಒಡವೆಗಳನ್ನೆಲ್ಲ ಕಳಚಿ ಮಣ್ಣಿನ ಬಂಡಿಯಲ್ಲಿ ತುಂಬಿ, ಈಗ ತಾನು ತಾಯಿಯಾದೆನೆನ್ನುತ್ತಾಳೆ. ಮುಂದೆ ಶಕಾರನು ಆಕೆಯ ಕುತ್ತಿಗೆಯನ್ನು ಹಿಸುಕಿ ಸತ್ತಳೆಂದು ಬಿಟ್ಟುಹೋಗಿ, ಕೊಲೆಯ ಅಪವಾದವನ್ನು ಚಾರುದತ್ತನ ಮೇಲೆ ಹೊರಿಸುತ್ತಾನೆ. ಬೌದ್ಧ ಭಿಕ್ಷುವೊಬ್ಬನ ಉಪಚಾರದಿಂದ ಬದುಕಿದ ಆಕೆ ವಧಸ್ಥಾನಕ್ಕೆ ಓಡಿಬಂದು ಪ್ರಿಯನನ್ನು ಉಳಿಸುತ್ತಾಳೆ. ಕಡೆಗೆ ಹೊಸ ಅರಸನು ಆಕೆಗೆ ‘ವಧೂ’ ಎಂಬ ಪದವಿಯನ್ನು ಕೊಡುತ್ತಾನೆ. ಶರ್ವಿಲಕನು ಆಕೆಗೆ ಅವಗುಂಠನವನ್ನು, ಎಂದರೆ ಕುಲವಧುವಿನ ಮುಸುಕನ್ನು ಹೊದಿಸುತ್ತಾನೆ. ‘ಪಾತ್ರ’ವಾಗಿದ್ದವಳು ‘ವಧು’ವಾದಳು. ಸಂಸ್ಕೃತ ನಾಟಕಗಳಲ್ಲಿ ಇಷ್ಟು ಧೈರ್ಯದ ಮುಕ್ತಾಯವು ವಿರಳವಾಗಿರುವದು.

ಈ ಕಥೆಯನ್ನು ಚಿತ್ರಕ್ಕೆ ತಂದವರು ಮೋಹನ ದಯಾರಾಮ ಭವನಾನಿಯವರು. ಅವರು ಯುರೋಪಖಂಡದಲ್ಲಿ ಈ ವಿದ್ಯೆಯನ್ನು ಕಲಿತು ಬಂದವರು. ‘ವಸಂತಸೇನಾ’ ಎಂಬ ಹೆಸರೂ ಉಳ್ಳ ಈ ಮೂಕಚಿತ್ರವನ್ನು 1931ನೆಯ ವರ್ಷದ್ದೆಂದು ಎಣಿಸುವ ರೂಢಿಯುಂಟು. ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಮೊದಲ ಮೂಕಚಿತ್ರವೆಂಬ ಸ್ಥಾನವನ್ನೂ ಇದಕ್ಕೆ ಕೊಡುತ್ತ ಬಂದಿದ್ದಾರೆ. ಮಾತಿಲ್ಲದ ಚಿತ್ರಕ್ಕೆ ಭಾಷೆಯೆಲ್ಲಿಯದೆಂದು ವಾಚಕರು ಕೇಳಬಹುದು. ಕನ್ನಡದ ನಾಟಕಕಾರರಾದ ಟಿ. ಪಿ. ಕೈಲಾಸಂ ಅವರೂ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದರಲ್ಲಿ ಅಭಿನಯಿಸಿದರೆಂಬದನ್ನು ನೆನೆದರೆ ಆ ಚಿತ್ರದ ನಂಟು ಯಾವ ನಾಡಿನೊಡನೆ ಇತ್ತೆಂಬದು ತಿಳಿಯುವದು. ಅದೇ 1931ರ ಮಾರ್ಚ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ತೆರೆ ಕಂಡು ಚಿತ್ರಪಟಕ್ಕೆ ಬಾಯಿ ಬಂದಿತು. ಮೂಕಚಿತ್ರದ ಯುಗವು ಮುಗಿಯುವ ಹೊತ್ತಿನಲ್ಲಿ ನಮ್ಮ ವಸಂತಸೇನೆಯು ಬಂದಳು. ಭಾರತದಲ್ಲಿ ತಯಾರಾದ ಸುಮಾರು 1300 ಮೂಕಚಿತ್ರಗಳಲ್ಲಿ ಇಂದು ಉಳಿದಿರುವವು ತುಣುಕುಗಳನ್ನು ಸೇರಿಸಿ ಎಣಿಸಿದರೂ ಮೂವತ್ತರ ಆಸುಪಾಸು. ವಸಂತಸೇನೆಯೂ ಅಳಿದವುಗಳ ಸಾಲಿಗೆ ಸೇರಿ ನಮ್ಮ ಪಾಲಿಗೆ ಹೆಸರಾಗಿ ಮಾತ್ರ ಉಳಿದಿದ್ದಾಳೆ.

ವಸಂತಸೇನೆಯಾದವರು ಏಣಾಕ್ಷಿ ರಾಮರಾವ್. ‘ಏಣ’ವೆಂದರೆ ಕೃಷ್ಣಮೃಗ, ಏಣಾಕ್ಷಿಯೆಂದರೆ ಹುಲ್ಲೆಗಣ್ಣಿನವಳು. ಕಣ್ಣಿನಿಂದಲೇ ಮಾತಾಡಬೇಕಾದ ಕಲೆಗೆ ಇದಕ್ಕಿಂತ ತಕ್ಕ ಹೆಸರು ದೊರೆಯಲಾರದು. 1928ರಲ್ಲಿ ಹಿಮಾಂಶು ರಾಯರು ನಿರ್ಮಿಸಿ ಫ್ರಾಂಜ್ ಆಸ್ಟೆನ್ ಎಂಬ ಜರ್ಮನ್ ದಿಗ್ದರ್ಶಕರು ನಡೆಸಿದ ‘ಶಿರಾಜ್’ ಚಿತ್ರದಲ್ಲಿ ಅವರು ಸೆಲಿಮಾ ಎಂಬ ಹುಡುಗಿಯಾಗಿ, ಮುಂದೆ ಮುಮತಾಜ ಮಹಲಳಾಗಿ ಅಭಿನಯಿಸಿದ್ದರು. ಸುದೈವದಿಂದ ಆ ಚಿತ್ರವು ಅಳಿಯದೆ ಉಳಿದಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಂಸ್ಥೆಯವರು ಅದನ್ನು ಜೀರ್ಣೋದ್ಧಾರ ಮಾಡಿ, ಅನೌಷ್ಕಾ ಶಂಕರ ಅವರ ಹೊಸ ಸಂಗೀತದೊಡನೆ 2017ರಲ್ಲಿ ತೋರಿಸಿದರು. ಹೀಗೆ ತೊಂಬತ್ತು ವರ್ಷಗಳ ತರುವಾಯವೂ ಆ ಮುಖವನ್ನು ನಾವು ನೋಡಬಹುದಾಗಿದೆ. ಏಣಾಕ್ಷಿಯವರು ಭವನಾನಿಯವರನ್ನು ವರಿಸಿದರು. ಅವರ ಜೀವನದ ಉತ್ತರಾರ್ಧವು ನನಗೆ ಇನ್ನೂ ಮಹತ್ವದ್ದೆಂದು ತೋರುವದು. ಅವರು ಚಿತ್ರಪಟದ ಕೀರ್ತಿಯನ್ನಷ್ಟೇ ನೆಚ್ಚಿ ಕೂಡ್ರಲಿಲ್ಲ. ಭಾರತದ ಶಾಸ್ತ್ರೀಯ, ಜಾನಪದ, ಗಿರಿಜನ ನೃತ್ಯಗಳನ್ನು ಅಭ್ಯಸಿಸಿ 1965ರಲ್ಲಿ ‘ದ ಡ್ಯಾನ್ಸ್ ಇನ್ ಇಂಡಿಯಾ’ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ತೆರೆಯ ಮೇಲೆ ನರ್ತಕಿಯ ವೇಷವನ್ನು ತೊಟ್ಟವರು ನೃತ್ಯದ ಶಾಸ್ತ್ರವನ್ನೇ ಬರೆದದ್ದು ಅಪರೂಪದ ಸಂಗತಿ.

ಕಮಲಾದೇವಿಯವರ ಧೈರ್ಯವು ಬೇರೆ ಬಗೆಯದು. 1903ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಿವಾಹವಾಗಿ, ಅಲ್ಪಕಾಲದಲ್ಲಿಯೇ ವಿಧವೆಯಾಗಿ, ಮುಂದೆ ಕವಿಗಳಾದ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುವಿವಾಹವಾದ ಸಾರಸ್ವತ ಮನೆತನದ ಮಗಳು ಅವರು. 1926ರಲ್ಲಿ ಮದ್ರಾಸ ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪ ಮತಗಳಿಂದ ಸೋತರು. 1930ರಲ್ಲಿ ಮುಂಬಯಿಯಲ್ಲಿ ಉಪ್ಪು ಮಾರಿ ಸೆರೆಮನೆಗೆ ಹೋದರು. ಅದೇ ಕಾಲದ ಸುಮಾರಿನಲ್ಲಿ ಕುಲೀನ ಸ್ತ್ರೀಯರಿಗೆ ನಿಷಿದ್ಧವೆನಿಸಿದ್ದ ಚಿತ್ರಪಟದಲ್ಲಿಯೂ ನಿಂತರು. ಸರಕಾರದ ಕಾಯದೆಯನ್ನು ಮುರಿಯುವದಕ್ಕೆ ಒಂದು ಬಗೆಯ ಎದೆಗಾರಿಕೆ ಬೇಕು. ತನ್ನ ನೆರೆಹೊರೆಯವರ ನಾಲಿಗೆಯನ್ನು ಎದುರಿಸುವದಕ್ಕೆ ಇನ್ನೊಂದು ಬಗೆಯದು ಬೇಕು. ಅವರಲ್ಲಿ ಎರಡೂ ಇದ್ದವು.

ಇಲ್ಲಿಯ ವರೆಗೆ ಹೊಗಳಿಕೆಯಾಯಿತು. ಈಗ ಮನಸ್ಸಿಗೆ ಚುಚ್ಚುವ ಮಾತನ್ನೂ ಹೇಳಬೇಕಾಗಿದೆ. ವಿದ್ಯಾವತಿಯರು ಗಣಿಕೆಯ ಕಥೆಯಲ್ಲಿ ಅಭಿನಯಿಸಿದಾಗ ಅದು ಕಲೆಯ ಉದ್ಧಾರವೆನಿಸಿತು. ನಿಜವಾದ ಗಣಿಕೆಯರ ಮಕ್ಕಳು ಅದನ್ನೇ ಮಾಡಿದ್ದರೆ ಏನೆನ್ನುತ್ತಿದ್ದರು? ಆ ದಶಕಗಳಲ್ಲಿ ಈ ಪ್ರಶ್ನೆಯು ದೇಶವನ್ನೆಲ್ಲ ಕಲಕುತ್ತಿತ್ತು. ಮೈಸೂರು ಸಂಸ್ಥಾನವು 1909ರಲ್ಲಿಯೇ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಡಾಕ್ಟರ ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ಮದ್ರಾಸ ಶಾಸನಸಭೆಯಲ್ಲಿ ಆ ಪದ್ಧತಿಯ ವಿರುದ್ಧ ಠರಾವನ್ನು ತಂದರು. ವಸಂತಸೇನೆಯ ಚಿತ್ರದ ವರ್ಷವೇ ಆದ 1931ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯಲ್ಲಿ ಪರಂಪರಾಗತ ಮನೆತನದ ಕಲ್ಯಾಣಿಯವರ ಹೆಣ್ಣುಮಕ್ಕಳು ನೃತ್ಯ ಮಾಡಿದರು. ನಾಲ್ಕು ವರ್ಷಗಳ ತರುವಾಯ ಅಡ್ಯಾರಿನಲ್ಲಿ ರುಕ್ಮಿಣೀದೇವಿಯವರು ಕುಣಿದ ಮೇಲೆ ಆ ನೃತ್ಯವು ಕುಲಸ್ತ್ರೀಯರ ಮನೆಗಳನ್ನು ಹೊಕ್ಕಿತು. ಕಲೆಗೆ ಮಾನ ಬಂದಿತು. ಆದರೆ ಆ ಕಲೆಯನ್ನು ನೂರಾರು ವರ್ಷ ಎದೆಯಲ್ಲಿಟ್ಟು ಕಾಯ್ದವರು ಬಹುಮಟ್ಟಿಗೆ ಹೊರಗೆ ಉಳಿದರು. ಭಾಂಡದೊಳಗಿನ ರಸವನ್ನು ಬಸಿದುಕೊಂಡು ಭಾಂಡವನ್ನು ಹಿತ್ತಲಿಗೆ ಎಸೆದಂತಾಯಿತು.

ನಮ್ಮ ಸೀಮೆಗೆ ಈ ಮಾತು ಹೆಚ್ಚಾಗಿ ತಾಗುವದು. ಸವದತ್ತಿಯು ಆಗ ಮುಂಬಯಿ ಇಲಾಖೆಯಲ್ಲಿತ್ತು. ಆ ಸರಕಾರವು 1934ರಲ್ಲಿ ದೇವದಾಸಿ ಸಂರಕ್ಷಣ ಕಾಯದೆಯನ್ನು ಮಾಡಿ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವದನ್ನು ನಿಷೇಧಿಸಿತು. ಹಾಗೆ ಬಿಡಲ್ಪಟ್ಟವಳು ಮಾಡಿಕೊಂಡ ವಿವಾಹವು ಕ್ರಮಬದ್ಧವಾದದ್ದೆಂದೂ ಸಾರಿತು. ಶೂದ್ರಕನು ಹತ್ತನೆಯ ಅಂಕದಲ್ಲಿ ಕೊಟ್ಟ ‘ವಧೂ’ ಎಂಬ ಪದವಿಯನ್ನು ಕಾಯದೆಯು ನಮ್ಮ ಗುಡ್ಡದ ಹೆಣ್ಣುಮಕ್ಕಳಿಗೆ ಕೊಡಲಿಕ್ಕೆ 1934ನೆಯ ಇಸವಿಯು ಬರಬೇಕಾಯಿತು. ಕೊಟ್ಟದ್ದು ಕೈಸೇರಿತೇ? ಸೇರಿದ್ದರೆ 1982ರಲ್ಲಿ ಕರ್ನಾಟಕದ ವಿಧಾನಮಂಡಲವು ಅದೇ ಉದ್ದೇಶಕ್ಕಾಗಿ ಮತ್ತೊಂದು ಕಾಯದೆಯನ್ನು ಮಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಅವಗುಂಠನವನ್ನು ಅರಸನು ಕೊಡಬಲ್ಲನು. ಅದನ್ನು ಹೊದ್ದು ಬಂದವಳನ್ನು ಒಳಗೆ ಕರೆಯತಕ್ಕವರು ಊರವರು.

ಊರವರು ಕರೆದ ಉದಾಹರಣೆಗಳೂ ಇಲ್ಲದಿಲ್ಲ. ಗೋಕಾಕ ಸೀಮೆಯ ಕೌಜಲಗಿಯ ನಿಂಗಮ್ಮನವರ ಶ್ರೀಕೃಷ್ಣ ಪಾರಿಜಾತದ ಆಟವೆಂದರೆ ನಮ್ಮ ಕಡೆಯ ಹಿರಿಯರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಚಿತ್ರಪಟಕ್ಕೆ ಮಾತು ಬಂದ ಮೇಲೆ ಬೀಳಗಿಯ ಅಮೀರಬಾಯಿಯವರು ಮುಂಬಯಿಗೆ ಹೋಗಿ ತಮ್ಮ ಕಂಠದಿಂದ ದೇಶವನ್ನೆಲ್ಲ ಗೆದ್ದರು. ಅವರು ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂಬುದನ್ನು ಕಡೆಯ ತನಕ ಇಟ್ಟುಕೊಂಡಿದ್ದರು. ನಾಡು ಅವರನ್ನು ಎಷ್ಟು ನೆನೆಯಿತೋ, ಅವರಂತೂ ನಾಡನ್ನು ಮರೆಯಲಿಲ್ಲ.

ಮೂಕಚಿತ್ರದ ನರ್ತಕಿಯ ಕಥೆಯಿಂದ ನಾವು ಕಲಿಯತಕ್ಕದ್ದು ಇಷ್ಟೇ. ಕಲೆಯನ್ನು ಮೆಚ್ಚುವದು ಸುಲಭ. ಕಲೆಯ ಭಾರವನ್ನು ಹೊತ್ತವರನ್ನು ಮನೆಯ ಹೊಸ್ತಿಲ ಒಳಗೆ ಕೂಡ್ರಿಸುವದು ಕಠಿಣ. ಕಮಲಾಬಾಯಿ, ಏಣಾಕ್ಷಿ, ಕಮಲಾದೇವಿಯವರ ಹೆಸರುಗಳು ಪುಸ್ತಕಗಳಲ್ಲಿ ಸೇರಿದವು. ಹೆಸರಿಲ್ಲದೆ ಹೋದವರ ಸಂಖ್ಯೆಯು ಅಪಾರವಾಗಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳ ಹಳ್ಳಿಗಳಲ್ಲಿ ಚೌಡಿಕೆಯ ಪದಗಳನ್ನೂ ಪಾರಿಜಾತದ ಮಟ್ಟುಗಳನ್ನೂ ಬಲ್ಲ ಮುದುಕಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ವಿದ್ಯಾವಂತರಾದ ನಮ್ಮ ಮನೆಗಳ ತರುಣರು ಅವರ ಹಾಡನ್ನು ಬರೆದುಕೊಳ್ಳಲು ಹೋದಾಗ ಮೊದಲು ಅವರ ಹೆಸರನ್ನೂ, ಕಲಿಸಿದವಳ ಹೆಸರನ್ನೂ ಕೇಳಿ ಬರೆದುಕೊಳ್ಳಲಿ; ಹಾಡನ್ನು ಆಮೇಲೆ ಬರೆದುಕೊಳ್ಳಲಿ. ಅವರನ್ನು ಚಾಪೆಯ ಮೇಲೆ ಕೂಡ್ರಿಸಿ ‘ಅವ್ವಾ’ ಎಂದು ಕರೆಯಲಿ. ನವಿಲು ಕುಣಿದ ನೆಲವನ್ನು ತೀರ್ಥವೆಂದು ಕರೆದ ಹಿರಿಯರ ಮಕ್ಕಳು ನಾವು. ನಮಗೆ ಇದು ಅಸಾಧ್ಯವಾಗಬಾರದು.